ಕಾಲು ತೆಗೆದರೂ ನಿಲ್ಲದ ಕಾರು

ಕೈ ಬಿಟ್ಟೆ. ಎಂಜಿನ್ನಿನ ಗಾಳಿಕೊಳವೆಯ ಬಿಲ್ಲೆ ಮುಚ್ಚಲಿಲ್ಲ.

ಮತ್ತೊಮ್ಮೆ ಹಿಡಿದು ತಿರುಗಿಸಿದೆ. ಅರ್ಧಕ್ಕೆ ತಿರುಗಿಸಿ ಬಿಟ್ಟರೆ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಪೂರ್ತಿ ತಿರುಗಿಸಿ ಬಿಟ್ಟರೆ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ. ಬೆರಳಿನಿಂದ ತಳ್ಳಿದ ಮೇಲೇ ಅದು ಜಾಗ ಬಿಟ್ಟು ಕದಲಿದ್ದು.

"ನೋಡಿದ್ರಲ್ಲ ರುವೈದಕ್ಕ," ಎಂದ ಪೊಲೀಸ್ ಲೆಫ್ಟಿನೆಂಟ್ ಮುಸನ್ನಾ. "ನಮ್ಮ ತಜ್ಞರು ಹೇಳಿದ್ದೂ ಇದನ್ನೇ. ರಿಪೇರಿ ಮಾಡಿದವನ ತಪ್ಪು. ಇನ್ನೇನು ಉಳೀತು?"

"ಅಂಟಿಕೊಳ್ಳುತ್ತೆ ಅಂತ ಹೇಳಿದಾರೆ. ಯಾಕೆ ಅಂಟಿಕೊಳ್ಳುತ್ತೆ ಅಂತ ಹೇಳಿದಾರಾ?"

ಅವನು ಟೋಪಿ ಸರಿಮಾಡಿಕೊಂಡ. ಇಕ್ಕಟ್ಟಿಗೆ ಸಿಕ್ಕಾಗ ಟೋಪಿ ಸರಿಮಾಡಿಕೊಳ್ಳುವುದು ಅವನ ಚಾಳಿ. ಒಳ್ಳೆಯ ಹುಡುಗನೇ, ಆದರೆ ಮೇಲಿನವರು ಬರೆದುಕೊಟ್ಟದ್ದನ್ನು ವೇದವಾಕ್ಯ ಮಾಡಿಕೊಳ್ಳುತ್ತಾನೆ. ವಿಮಾ ಕಂಪನಿಯಲ್ಲಿ ಅರ್ಧ ಆಯುಷ್ಯ ಜಜ್ಜಿದ ಕಾರುಗಳ ಹೊಟ್ಟೆ ಬಗೆದು ನೋಡಿದವಳು ನಾನು. ಜಜ್ಜಿದ ಕಾರು ಸುಳ್ಳು ಹೇಳುವುದಿಲ್ಲ. ಅದನ್ನು ಕೇಳುವವರಿಗೆ ತಾಳ್ಮೆ ಇರುವುದಿಲ್ಲ, ಅಷ್ಟೇ.

ಸಲ್ತ್ ಊರಿನ ಪೊಲೀಸ್ ಅಂಗಳದಲ್ಲಿ ನಿಂತಿದ್ದುದು ಗಾಲಿಬ್ ಮೇಷ್ಟ್ರ ಬಿಳಿ ಕಾರು. ಆಲಿವ್ ತೋಟದ ಮೆಟ್ಟಿಲುಗದ್ದೆಯಿಂದ ಕ್ರೇನ್ ಹಚ್ಚಿ ಎಳೆದು ತಂದಿದ್ದರು. ಬಲಭಾಗ ಅಪ್ಪಚ್ಚಿಯಾಗಿದ್ದರೂ ಎಂಜಿನ್ ಮಾತ್ರ ಇದ್ದ ಹಾಗೇ ಇತ್ತು. ಮೇಷ್ಟ್ರು ನೀರಿನ ಟ್ಯಾಂಕರಿನ ಹಿಂದೆ ದಿಬ್ಬ ಹತ್ತುತ್ತಿದ್ದವರು ಅದನ್ನು ದಾಟಲೆಂದು ಆಕ್ಸಿಲರೇಟರ್ ಪೂರ್ತಿ ಒತ್ತಿದರು. ನೆತ್ತಿ ತಲುಪಿ ಕಾಲು ತೆಗೆದರು. ಕಾರು ನಿಲ್ಲಲಿಲ್ಲ. ಇಳಿಜಾರಿನುದ್ದಕ್ಕೂ ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಎಂಜಿನ್ ಕಿರುಚುತ್ತಲೇ ಇತ್ತು ಎಂದು ಟ್ಯಾಂಕರಿನವನು ಹೇಳಿದ್ದ. ಅಂದರೆ ಮುದುಕನ ಕಾಲು ಬ್ರೇಕಿನ ಮೇಲೇ ಇತ್ತು. ಕಾರು ರಸ್ತೆ ಬಿಟ್ಟು ತೋಟಕ್ಕೆ ಉರುಳಿತು, ಮೇಷ್ಟ್ರು ಉಳಿಯಲಿಲ್ಲ.

ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಬಾಯಲ್ಲಿ ಒಂದು ದುಂಡು ಬಿಲ್ಲೆ ಇರುತ್ತದೆ. ಕಾಲೊತ್ತಿದರೆ ಕೇಬಲ್ ಎಳೆದು ಬಿಲ್ಲೆ ತೆರೆಯುತ್ತದೆ, ಗಾಳಿ ನುಗ್ಗಿ ಕಾರು ಓಡುತ್ತದೆ. ಕಾಲು ತೆಗೆದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಥ್ರಾಟಲ್ ಎಂದರೆ ಇಷ್ಟೇ. ಸಾಯುವ ಹಿಂದಿನ ವಾರ ಮೇಷ್ಟ್ರು ಇದನ್ನೇ ಬಿಚ್ಚಿಸಿ, ತೊಳೆಸಿ, ಸವೆದದ್ದನ್ನು ಬದಲಿಸಿ, ಮತ್ತೆ ಕೂಡಿಸಿಕೊಂಡಿದ್ದರು. ಕೂಡಿಸಿದವನು ಮೆಕ್ಯಾನಿಕ್ ಫವ್ವಾಜ್.

ಆ ಫವ್ವಾಜ್ ಕೈಕೋಳ ಹಾಕಿಸಿಕೊಂಡು ಗೋಡೆಯ ನೆರಳಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಮಾತಾಡಿದರೆ ಒಂದೇ ಮಾತು. ಬಿಲ್ಲೆಯನ್ನು ತಿರುವುಮುರುವು ಹಾಕಿಬಿಟ್ಟೆನೋ, ಸ್ಪ್ರಿಂಗ್ ಸರಿಯಾಗಿ ಸುತ್ತಲಿಲ್ಲವೋ, ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಗಿದೆ ಎನ್ನುತ್ತಿದ್ದ. ಅವನನ್ನು ಒಳಗಿಟ್ಟದ್ದು ಶಿಕ್ಷೆಗಿಂತ ಹೆಚ್ಚಾಗಿ ರಕ್ಷಣೆಗೆ. ಮೇಷ್ಟ್ರ ಮನೆತನದ ಹುಡುಗರು ರೊಚ್ಚಿಗೆದ್ದಿದ್ದರು.

ಅಂದು ಇಳಿಹೊತ್ತಿನ ಮೂರನೆಯ ನಮಾಜು ಮುಗಿದ ಕೂಡಲೇ ಫವ್ವಾಜನ ಕಡೆಯ ಹಿರಿಯರು ಮೇಷ್ಟ್ರ ಮನೆಗೆ ಸಂಧಾನಕ್ಕೆ ಹೋಗುವವರಿದ್ದರು. ನಮ್ಮ ಹುಡುಗನ ಕೈ ತಪ್ಪಿತು ಎಂದು ಒಪ್ಪಿಕೊಳ್ಳುತ್ತಾರೆ. ಮನೆಯವರು ಕಾಫಿ ಬಟ್ಟಲು ಮುಂದಿಡುತ್ತಾರೆ. ಕೇಳಲು ಬಂದವರು ಅದನ್ನು ಮುಟ್ಟುವುದಿಲ್ಲ. ನಿಮ್ಮ ಮಾತಿಗೆ ಒಪ್ಪಿದೆವು, ಕುಡಿಯಿರಿ ಎಂದು ಮನೆಯ ಯಜಮಾನ ಹೇಳಬೇಕು, ಆಗ ಕುಡಿಯಬೇಕು. ಕುಡಿದರೆ ಮುಗಿಯಿತು. ಆಮೇಲೆ ಆ ಮಾತನ್ನು ಎತ್ತುವವರು ನಮ್ಮಲ್ಲಿ ಯಾರೂ ಇಲ್ಲ. ವಾಡಿಕೆಯಂತೆ ಫವ್ವಾಜನ ಸಂಸಾರ ಊರು ಬಿಟ್ಟು ಹೋಗಬೇಕು. ಮೇಷ್ಟ್ರನ್ನು ಕೊಂದ ಕೈ ಎಂಬ ಹೆಸರು ಅವನ ಮಕ್ಕಳ ಬೆನ್ನಿಗೂ ಅಂಟುತ್ತದೆ.

ಅವನ ಹೆಂಡತಿ ತುರ್ಫಾ ನನ್ನ ಬಾಗಿಲಿಗೆ ಬಂದಾಗ ಗಂಡ ನಿರಪರಾಧಿ ಎಂದು ಎದೆ ಬಡಿದುಕೊಳ್ಳಲಿಲ್ಲ. "ತಪ್ಪು ಮಾಡಿದ್ರೆ ಮಾಡಿದಾರೆ ಅಂತ ಗೊತ್ತಾಗ್ಲಿ ಅಕ್ಕ. ಗೊತ್ತಿಲ್ದೇ ಒಪ್ಕೊಳ್ಳೋದು ಬೇಡ," ಎಂದಳು. ಆ ಮಾತಿಗೇ ನಾನು ಕೇಸು ಹಿಡಿದದ್ದು.

ಒಪ್ಪಿಕೊಳ್ಳಬೇಕೆಂದು ಹಟ ಹಿಡಿದವನು ಫವ್ವಾಜನ ಚಿಕ್ಕಪ್ಪ ಅಬೂ ದಿರಾರ್. ತಂದೆಯಿಲ್ಲದ ಫವ್ವಾಜನನ್ನು ಸಾಕಿದವನು. ಸುತ್ತಲ ಹಳ್ಳಿಗಳಲ್ಲಿ ಎಲ್ಲಿ ರಕ್ತ ಬಿದ್ದರೂ, ಎಲ್ಲಿ ಹೆಣ್ಣು ಕೇಳಬೇಕಿದ್ದರೂ ಹಿರಿಯರ ಮುಂದಾಳಾಗಿ ಹೋಗುವವನು ಅವನೇ. ಇಂಥ ಕಡೆ ಹೊರಗಿನವರೊಬ್ಬರನ್ನು ಮುಂದೆ ಮಾಡುವುದು ವಾಡಿಕೆ. ಈ ಸಲ ಮಾತ್ರ, ನನ್ನ ಮಗ, ನಾನೇ ಹೋಗುತ್ತೇನೆ ಎಂದಿದ್ದ. ಎಂಥ ದೊಡ್ಡ ಮನಸ್ಸು ಎಂದು ಊರು ಕೊಂಡಾಡಿತು. ನಾನೂ ಕೊಂಡಾಡಿದೆ.

"ಅಕ್ಕ, ನಮಾಜಿಗೆ ಹೊತ್ತಾಗ್ತಾ ಬಂತು," ಎಂದ ಮುಸನ್ನಾ.

"ನೀನು ಹೋಗಿ ಮಾಡ್ಕೊಂಡು ಬಾ. ನನ್ನ ದೇವರು ಸದ್ಯಕ್ಕೆ ಈ ಬಿಲ್ಲೆಯೊಳಗೆ ಕೂತಿದಾನೆ."

ಅವನು ಹೋಗಲಿಲ್ಲ. ನಾನು ಮೊದಲಿನಿಂದ ಶುರುಮಾಡಿದೆ. ಕಾಲಡಿಯ ಹಾಸು ಪೆಡಲಿಗೆ ಸಿಕ್ಕಿಕೊಂಡಿತ್ತೇ? ಇಲ್ಲ. ಪೆಡಲು ಸಲೀಸಾಗಿತ್ತು. ಕೇಬಲ್ಲನ್ನು ಆಗಲೇ ಕಳಚಿದ್ದೆ. ಕಳಚಿದ ಮೇಲೂ ಬಿಲ್ಲೆ ಅಂಟುತ್ತಿತ್ತು, ಹಾಗಾಗಿ ಕೇಬಲ್ಲಿನ ತಪ್ಪಲ್ಲ. ಸ್ಪ್ರಿಂಗ್ ಬೆರಳು ಮುರಿಯುವಷ್ಟು ಗಟ್ಟಿಯಾಗಿತ್ತು. ಬಿಲ್ಲೆ ತಿರುವುಮುರುವಾಗಿದ್ದರೆ ಮುಚ್ಚುವ ಹೊತ್ತಿಗೆ ಅಂಚು ಗೋಡೆಗೆ ಕಚ್ಚಬೇಕಿತ್ತು. ಇದು ಸಿಕ್ಕಿಕೊಳ್ಳುತ್ತಿದ್ದುದು ಪೂರ್ತಿ ತೆರೆದಾಗ.

ಹಾಗಾದರೆ ಪೂರ್ತಿ ತೆರೆದಾಗ ಮಾತ್ರ ಬಿಲ್ಲೆಗೆ ತಾಕುವುದೇನು?

ಸ್ಪ್ಯಾನರ್ ಕೇಳಿದೆ. ಥ್ರಾಟಲ್ಲನ್ನು ಎಂಜಿನ್ನಿಗೆ ಬಿಗಿದ ಬೋಲ್ಟುಗಳನ್ನು ಬಿಚ್ಚಿ, ಇಡೀ ಗಡ್ಡೆಯನ್ನು ಎತ್ತಿ ಕೈಯಲ್ಲಿ ಹಿಡಿದೆ. ಪೂರ್ತಿ ತಿರುಗಿಸಿ ಬಿಟ್ಟೆ.

ಟಪ್.

ಮತ್ತೆ ತಿರುಗಿಸಿದೆ. ಟಪ್. ಮುಸನ್ನಾನ ಕೈಗೆ ಕೊಟ್ಟೆ. ಅವನೂ ತಿರುಗಿಸಿದ. ಎಷ್ಟು ಸಲ ಬಿಟ್ಟರೂ ಅಷ್ಟು ಸಲ ಮುಚ್ಚಿತು.

"ಇದೇನಕ್ಕ, ಈಗ ಸರಿಯಾಗೇ ಇದೆಯಲ್ಲ," ಎಂದ ಅವನು, ಮೋಸಹೋದವನಂತೆ.

"ಥ್ರಾಟಲ್ ಸರಿಯಾಗಿದೆ. ಫವ್ವಾಜ್ ಕೂಡಿಸಿದ್ದೂ ಸರಿಯಾಗಿದೆ. ಇದು ಕೂತ ಜಾಗದಲ್ಲಿ ಏನೋ ಇದೆ. ನಿಮ್ಮ ತಜ್ಞರು ಬಿಚ್ಚಿ ನೋಡಿದ್ರೆ ಅವರಿಗೂ ಗೊತ್ತಾಗ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಿದಾರೆ."

ಥ್ರಾಟಲ್ಲಿಗೂ ಎಂಜಿನ್ನಿಗೂ ನಡುವೆ ಗಾಳಿ ಸೋರದಂತೆ ದಪ್ಪ ಹಾಳೆಯ ಗ್ಯಾಸ್ಕೆಟ್ ಇರುತ್ತದೆ. ಅದು ಎಂಜಿನ್ನಿನ ಬಾಯಿಗೇ ಅಂಟಿಕೊಂಡಿತ್ತು. ಬಗ್ಗಿ ನೋಡಿದೆ. ಮಂಡಿ ನೋವು ಮರೆತೇಹೋಯಿತು.

ಗ್ಯಾಸ್ಕೆಟ್ಟಿನ ತೂತು ಕೊಳವೆಯ ಬಾಯಿಗಿಂತ ಚಿಕ್ಕದಿತ್ತು. ಹಾಳೆಯ ಅಂಚು ಸುತ್ತಲೂ ಒಳಕ್ಕೆ ಚಾಚಿಕೊಂಡಿತ್ತು. ಬಿಲ್ಲೆ ಪೂರ್ತಿ ತೆರೆದಾಗ ಅದರ ಕೆಳಗಿನ ಅರ್ಧ ಈ ಅಂಚನ್ನು ತಳ್ಳಿಕೊಂಡು ಒಳಗೆ ಇಳಿಯುತ್ತದೆ, ವಾಪಸು ಬರುವಾಗ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಬಿಲ್ಲೆ ಕಚ್ಚಿದ ಜಾಗದಲ್ಲಿ ಹಾಳೆ ನುಗ್ಗಾಗಿತ್ತು. ಮೆಲ್ಲಗೆ ಓಡಿಸುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಮೇಷ್ಟ್ರು ಯಾವಾಗಲೂ ಮೆಲ್ಲಗೇ ಓಡಿಸುವವರು. ಜೀವಮಾನದಲ್ಲಿ ಒಂದು ಸಲ ಅವಸರ ಮಾಡಿದರು.

ಬ್ಲೇಡಿನಿಂದ ಗ್ಯಾಸ್ಕೆಟ್ ಬಿಡಿಸಿ ಬೆನ್ನ ಹಿಂದೆ ಹಿಡಿದುಕೊಂಡೆ. ಫವ್ವಾಜನ ಮುಂದೆ ಹೋಗಿ ಕುಳಿತೆ.

"ಗ್ಯಾಸ್ಕೆಟ್ ಹೇಗೆ ಕತ್ತರಿಸ್ತೀಯಪ್ಪ ನೀನು?"

ಅವನು ತಲೆಯೆತ್ತಿದ. ಕೆಲಸದ ಮಾತು ಬಂದದ್ದಕ್ಕೋ ಏನೋ, ಬೆಳಗಿನಿಂದ ಮೊದಲ ಸಲ ಅವನ ಮುಖಕ್ಕೆ ಜೀವ ಬಂತು.

"ಕತ್ತರಿ ಮುಟ್ಟೋದೇ ಇಲ್ಲ ಅಕ್ಕ. ಹಾಳೆನ ಕಬ್ಬಿಣದ ಬಾಯಿ ಮೇಲೇ ಇಟ್ಟು, ಗುಂಡುತಲೆ ಸುತ್ತಿಗೇಲಿ ಅಂಚಿನ ಸುತ್ತ ಮೆಲ್ಲಗೆ ಬಡೀತೀನಿ. ಅಂಚೇ ಹಾಳೇನ ಕಡೀತದೆ. ಬಾಯಿ ಎಷ್ಟೋ ತೂತೂ ಅಷ್ಟೇ. ಕೂದಲೆಳೆ ಹೆಚ್ಚುಕಮ್ಮಿ ಆಗಲ್ಲ."

"ಚಿಕ್ಕ ತೂತು ಮಾಡ್ಬೇಕು ಅಂದ್ರೆ?"

"ಸುತ್ತಿಗೇಲಿ ಆಗಲ್ಲ. ಬೇರೆ ಗೆರೆ ಎಳೆದು ಕತ್ತರಿಸ್ಬೇಕು. ಅದ್ಯಾರು ಮಾಡ್ತಾರೆ ಬಿಡಿ, ಹುಚ್ಚರಾ?"

ಕೈ ಮುಂದೆ ತಂದು ಗ್ಯಾಸ್ಕೆಟ್ ತೋರಿಸಿದೆ. ಇದು ಕೈತಪ್ಪಲ್ಲ, ಬೇಕೆಂದೇ ಮಾಡಿದ ಕೆಲಸ ಎಂದು ಅವನಿಗೆ ಹೇಳುವ ಆತುರ ನನಗೆ. ಅವನ ಕಣ್ಣಲ್ಲಿ ನೀರು ಬರುತ್ತದೆ, ದೇವರಿಗೆ ಕೈಯೆತ್ತುತ್ತಾನೆ ಎಂದುಕೊಂಡಿದ್ದೆ.

ಅವನು ಕೋಳದ ಕೈಗಳಲ್ಲಿ ಅದನ್ನು ಇಸಕೊಂಡು ಬೆಳಕಿಗೆ ಹಿಡಿದ. ಆಗ ನನಗೂ ಕಂಡಿತು. ಕತ್ತರಿಸಿದ ಅಂಚಿನ ಪಕ್ಕದಲ್ಲೇ ಸೂಜಿಮೊನೆಯಂಥ ಚುಚ್ಚುಗಳು, ಒಂದರ ಹಿಂದೆ ಒಂದು, ಸಮಸಮ ಅಂತರದಲ್ಲಿ ವೃತ್ತವಾಗಿ ಸಾಗಿದ್ದವು. ಯಾರೋ ಮೊದಲು ಚುಚ್ಚಿ ಗೆರೆ ಎಳೆದು, ಆ ಗೆರೆಯ ಗುಂಟ ಕತ್ತರಿ ಆಡಿಸಿದ್ದರು.

ಫವ್ವಾಜನ ಮುಖದಲ್ಲಿ ಬಂದಿದ್ದ ಜೀವ ಹಾಗೇ ಇಳಿದುಹೋಯಿತು.

"ಇದು ನಂದೇ," ಎಂದ.

"ಏನಂದೆ?"

"ನಾನೇ ಕತ್ತರಿಸಿದ್ದು. ಸುತ್ತಿಗೆ ಸಿಗಲಿಲ್ಲ. ಅವಸರದಲ್ಲಿದ್ದೆ. ಲೆಫ್ಟಿನೆಂಟ್ ಸಾಹೇಬ್ರೆ, ಬರ್ಕೊಳ್ಳಿ. ನನ್ನ ತಪ್ಪು. ಹಿರಿಯರು ಹೋಗಲಿ, ಕಾಫಿ ಕುಡೀಲಿ, ಮುಗೀಲಿ."

"ಈಗ ತಾನೇ ಹುಚ್ಚರು ಮಾಡೋ ಕೆಲಸ ಅಂದೆ."

"ಹುಚ್ಚನೇ ಅನ್ಕೊಳ್ಳಿ."

"ಕಾರು ಮೇಷ್ಟ್ರಿಗೆ ತಲುಪಿಸಿದ್ಯಾರು?"

"ಮೇಷ್ಟ್ರೇ ಬಂದು ತಗೊಂಡು ಹೋದ್ರು."

ಅವನು ಗೋಡೆಯ ಕಡೆ ಮುಖ ಮಾಡಿಕೊಂಡ. ಬೈದೆ, ಬೇಡಿದೆ, ತುರ್ಫಾಳ ಹೆಸರೆತ್ತಿದೆ, ಮಕ್ಕಳ ಹೆಸರೆತ್ತಿದೆ. ಅವನು ಗೋಡೆಯನ್ನು ಬಿಟ್ಟು ತಿರುಗಲಿಲ್ಲ. ತನ್ನ ಕೈಯ ಮೇಲಿನ ನಂಬಿಕೆ ವಾಪಸು ಸಿಕ್ಕಿದ ಗಳಿಗೆಯಲ್ಲೇ ಅದನ್ನು ಬಿಸಾಡಿದ ಆ ಮೂರ್ಖನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಸೀದಿಯಿಂದ ಕರೆ ಕೇಳಿಸಿತು.

ಅಂಗಳದ ಗೇಟಿನಿಂದಲೇ ತುರ್ಫಾಳಿಗೆ ಫೋನ್ ಮಾಡಿದೆ. ಕಾರು ಯಾರು ಒಯ್ದರು ಎಂದಷ್ಟೇ ಕೇಳಿದೆ.

"ಚಿಕ್ಕಪ್ಪ ಅಲ್ವಾ ಅಕ್ಕ? ಇವರಿಗೆ ಪುರುಸೊತ್ತಿರಲಿಲ್ಲ, ನಾನೇ ಬಿಟ್ಟು ಬರ್ತೀನಿ ಅಂತ ಒಯ್ದ್ರು. ಸಂಜೆ ಒಯ್ದವರು ಮಾರನೇ ದಿನ ಮೇಷ್ಟ್ರಿಗೆ ಕೊಟ್ರು. ಅಲ್ಲೀವರೆಗೂ ಅವರ ಅಂಗಡಿ ಮುಂದೇ ನಿಂತಿತ್ತು. ಯಾಕಕ್ಕ?"

ಸುಮ್ಮನೆ ಕೇಳಿದೆ ಎಂದು ಫೋನಿಟ್ಟೆ. 

ಮೇಷ್ಟ್ರ ಮನೆ ಇರುವುದು ಪೇಟೆಯ ಮೇಲಿನ ಗುಡ್ಡದಲ್ಲಿ. ಹಳದಿ ಕಲ್ಲಿನ ಮೆಟ್ಟಿಲು ಹತ್ತಿಯೇ ಹೋಗಬೇಕು. ಆ ಮೆಟ್ಟಿಲು ಶುರುವಾಗುವ ರಸ್ತೆ ಬದಿಯಲ್ಲೇ ಅಬೂ ದಿರಾರ್‌ನ ಅಂಗಡಿ. ಹರೆಯದಲ್ಲಿ ಅಕಾಬಾ ಬಂದರಿನ ರಸ್ತೆಯ ಲಾರಿಗಳನ್ನು ರಿಪೇರಿ ಮಾಡುತ್ತಿದ್ದವನು, ಬೆನ್ನು ಕೈಕೊಟ್ಟ ಮೇಲೆ ಮಾವನ ಕಸುಬು ಹಿಡಿದು ನಿಲುವಂಗಿ ಹೊಲಿಯಲು ಕುಳಿತ. ಸಲ್ತ್‌ನ ಮದುಮಕ್ಕಳ ಹೆಗಲ ಮೇಲೆಲ್ಲ ಅವನ ಹೊಲಿಗೆಯೇ.

ಅಂಗಡಿಗೆ ಬೀಗ ಬಿದ್ದಿತ್ತು. ಗಾಜಿನೊಳಗೆ ಕಂದು ಬಣ್ಣದ ದಪ್ಪ ಹಾಳೆಯ ಅಳತೆಗಳು ಸಾಲಾಗಿ ತೂಗುತ್ತಿದ್ದವು, ಕತ್ತಿನದೊಂದು, ತೋಳಿನದೊಂದು. ಗಾಜಿಗೆ ಹಣೆ ಹಚ್ಚಿ ನೋಡಿದೆ. ಪ್ರತಿ ಅಳತೆಯ ಅಂಚಿನಲ್ಲೂ ಸಮಸಮ ಅಂತರದ ಚುಚ್ಚುಗಳು. ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲಿ, ದರ್ಜಿಗಳು ಚುಚ್ಚುಚುಚ್ಚಾಗಿ ಗೆರೆ ಎಳೆಯುವ ಪುಟ್ಟ ಹಲ್ಲುಗಾಲಿ ಬಿದ್ದಿತ್ತು.

ಫವ್ವಾಜ್ ಇವುಗಳ ನಡುವೆಯೇ ಆಡಿ ಬೆಳೆದವನು. ನನಗೆ ಗಾಜಿನವರೆಗೆ ಬಂದು ಗೊತ್ತಾದದ್ದು ಅವನಿಗೆ ಒಂದು ನೋಟಕ್ಕೆ ಗೊತ್ತಾಗಿತ್ತು. ಸಾಕಿದ ಕೈಯನ್ನು ಉಳಿಸಲು ತನ್ನ ಕೈ ಕೊಟ್ಟಿದ್ದ. ಅಳು ಬಂತು. ಬೀದಿಯಲ್ಲಿ ಅಳುವ ವಯಸ್ಸಲ್ಲ ನನ್ನದು, ಆದರೂ ಬಂತು.

"ಅಕ್ಕ, ಇದು ಸಾಕ್ಷಿ ಆಗಲ್ಲ," ಎಂದ ಹಿಂದೆ ನಿಂತಿದ್ದ ಮುಸನ್ನಾ. "ಹಲ್ಲುಗಾಲಿ ಊರಲ್ಲಿ ಎಲ್ಲ ದರ್ಜಿಗಳ ಹತ್ರಾನೂ ಇರುತ್ತೆ. ಅಬೂ ದಿರಾರ್ ಮೇಲೆ ಬೊಟ್ಟು ಮಾಡಿದ್ರೆ ನಿಮ್ಮನ್ನೂ ನನ್ನನ್ನೂ ಊರೇ ಕಲ್ಲು ಹೊಡೆಯುತ್ತೆ. ಮೇಷ್ಟ್ರನ್ನ ಅವನ್ಯಾಕೆ ಕೊಲ್ತಾನೆ?"

ಅದು ನನಗೂ ಗೊತ್ತಿರಲಿಲ್ಲ. ಇತ್ತೀಚೆಗೆ ಮೇಷ್ಟ್ರು ಅಬೂ ದಿರಾರ್‌ನ ಸಲಾಮಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದರು ಎಂದು ಅವರ ಹೆಂಡತಿ ಹೇಳಿದ್ದಳು. ಕಾರಣ ಕೇಳಿದರೆ ಮೇಷ್ಟ್ರು ಬಾಯಿ ಬಿಟ್ಟಿರಲಿಲ್ಲವಂತೆ.

"ಬೊಟ್ಟು ಮಾಡಲ್ಲ. ಗ್ಯಾಸ್ಕೆಟ್ ಕೊಡು."

"ನನ್ನ ನೌಕರಿ ಅಕ್ಕ."

"ನೌಕರಿ ಹೋದ್ರೆ ಫವ್ವಾಜನ ಗ್ಯಾರೇಜಿನಲ್ಲಿ ಸೇರ್ಕೋ. ಕೊಡು."

ಅವನು ಟೋಪಿ ಸರಿಮಾಡಿಕೊಂಡು ಗ್ಯಾಸ್ಕೆಟ್ ಇಟ್ಟಿದ್ದ ಪ್ಲಾಸ್ಟಿಕ್ ಚೀಲ ಕೊಟ್ಟ.

ಮೇಷ್ಟ್ರ ಮನೆಯ ದಿವಾನಖಾನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಗೋಡೆಗುಂಟ ಎರಡೂ ಮನೆತನದ ಗಂಡಸರು ಎದುರುಬದುರಾಗಿ ಕುಳಿತಿದ್ದರು. ಏಲಕ್ಕಿಯ ವಾಸನೆ. ನಡುವೆ ಅಬೂ ದಿರಾರ್, ಬಿಳಿ ಗಡ್ಡ, ತಾನೇ ಹೊಲಿದ ಕಪ್ಪು ನಿಲುವಂಗಿ. ಅವನ ಮುಂದೆ ಪುಟ್ಟ ಮೇಜಿನ ಮೇಲೆ ಕಾಫಿ ಬಟ್ಟಲು. ಬಟ್ಟಲು ತುಂಬಿಯೇ ಇತ್ತು. ಎದುರಿಗೆ ಮೇಷ್ಟ್ರ ಅಣ್ಣ ಹಾಜಿ ಸಫ್ವಾನ್, ಮಂಡಿಯ ಮೇಲೆ ಊರುಗೋಲು.

ನಮ್ಮ ಮಗನ ಕೈ ತಪ್ಪಿತು, ವಾದಕ್ಕೆ ಬಂದಿಲ್ಲ, ನಿಮ್ಮ ಔದಾರ್ಯ ಬೇಡಲು ಬಂದಿದ್ದೇವೆ ಎಂದು ಅಬೂ ದಿರಾರ್ ಹೇಳುತ್ತಿದ್ದ. ಎಂಥ ದನಿ ಅದು. ಕಲ್ಲೂ ಕರಗಬೇಕು. ಹಾಜಿ ಸಫ್ವಾನರ ಕಣ್ಣು ತುಂಬಿತ್ತು, ತುಟಿ ತೆರೆಯುವುದರಲ್ಲಿತ್ತು.

ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

ಗಂಡಸರ ನಡುವೆ ಗುಜುಗುಜು ಎದ್ದಿತು. ಯಾವನೋ ಹುಡುಗ ಹೆಂಗಸರ ಬಾಗಿಲು ಆ ಕಡೆ ಇದೆ ಎಂದ. ನಾನು ಅವನನ್ನು ನೋಡಲೂ ಇಲ್ಲ. ಈ ಮನೆಯ ಹೊಸ್ತಿಲ ಆಸರೆ ಬೇಡಿ ಬಂದಿದ್ದೇನೆ ಎಂದು ಹಾಜಿಗೆ ಹೇಳಿದೆ. ಹಾಗೆ ಕೇಳಿದವರನ್ನು ನಮ್ಮಲ್ಲಿ ಶತ್ರುವೂ ಹೊರಗೆ ಹಾಕುವಂತಿಲ್ಲ.

"ಆಸರೆ ಕೊಟ್ಟಿದೀನಿ. ಮಾತಾಡಮ್ಮ," ಎಂದರು ಹಾಜಿ.

ಅಬೂ ದಿರಾರ್ ನಕ್ಕ. "ರುವೈದಾ, ಇದು ಹಿರಿಯರು ಕೂರೋ ಜಾಗ ಕಣಮ್ಮ, ಎಂಜಿನ್ ಅಲ್ಲ."

"ಎಂಜಿನ್ ಆಗಿದ್ರೆ ಇಷ್ಟೊತ್ತಿಗೆ ನಿಜ ಹೇಳಿರ್ತಿತ್ತು, ಅಬೂ ದಿರಾರ್."

ಎದ್ದು ಹೋಗಿ ಗ್ಯಾಸ್ಕೆಟ್ಟನ್ನು ಕಾಫಿ ಬಟ್ಟಲಿನ ಪಕ್ಕದಲ್ಲಿಟ್ಟೆ. ಅವನ ನಗು ಮುಖದ ಮೇಲೇ ನಿಂತಿತು, ಕಣ್ಣು ಮಾತ್ರ ಹಾಳೆಯನ್ನು ಬಿಟ್ಟು ಕದಲಲಿಲ್ಲ.

ಹಾಜಿಗೆ ಅರ್ಥವಾಗುವಂತೆ ಹೇಳಿದೆ. ಥ್ರಾಟಲ್ ಸರಿಯಾಗಿತ್ತು, ಈ ಹಾಳೆ ಅದನ್ನು ತೆರೆದಲ್ಲೇ ಹಿಡಿದಿಟ್ಟಿತು, ಈ ತೂತು ಬೇಕೆಂದೇ ಚಿಕ್ಕದಾಗಿ ಕತ್ತರಿಸಿದ್ದು, ಫವ್ವಾಜ್ ಕತ್ತರಿಯಿಂದ ಗ್ಯಾಸ್ಕೆಟ್ ಮಾಡುವವನೇ ಅಲ್ಲ. ಅಬೂ ದಿರಾರ್‌ನ ಕಡೆ ನಾನು ತಿರುಗಲಿಲ್ಲ.

"ನಿಮ್ಮ ತಮ್ಮನ್ನ ಕೊಂದ ಕೈ ಯಾರದ್ದು ಅಂತ ನಾನು ಹೇಳಲ್ಲ, ಹಾಜಿ. ಅಂಚಿನಲ್ಲಿ ಚುಚ್ಚಿದ ಗುರುತಿದೆ. ಬೆಳಕಿಗೆ ಹಿಡಿದು ನೋಡಿ. ಎಲ್ಲಾದ್ರೂ ಕಂಡಿದ್ರೆ ನೀವೇ ಹೇಳಿ."

ಹಾಜಿ ಹಾಳೆ ಎತ್ತಿ ಕಿಟಕಿಯ ಕಡೆ ಹಿಡಿದರು. ಚುಚ್ಚುಗಳಿಂದ ಬೆಳಕು ಸಣ್ಣಗೆ ತೂರಿ ಬಂತು. ಹೆಬ್ಬೆರಳಿನಿಂದ ಅವುಗಳ ಮೇಲೆ ಸವರಿದರು. ಇನ್ನೊಮ್ಮೆ ಸವರಿದರು. ಹುಬ್ಬು ಗಂಟಾಯಿತು. ಎರಡೂ ಸಾಲಿನವರು ಅವರ ಬಾಯಿಯನ್ನೇ ನೋಡುತ್ತಿದ್ದರು.

ನಾನೊಬ್ಬಳು ಬೇರೆ ಕಡೆ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಿಗಾಗಿ ಕಾಯುತ್ತಿದ್ದೆ.

ಅಬೂ ದಿರಾರ್‌ನ ಕೈ ನಿಲುವಂಗಿಯ ಮಡಿಕೆಯಿಂದ ಹೊರಬಂತು. ಮೇಜಿನ ಮೇಲೆ ಸರಿದು ಬಟ್ಟಲನ್ನು ಎತ್ತಿಕೊಂಡಿತು. ಎಷ್ಟೋ ಮನೆಗಳಲ್ಲಿ, ಎಷ್ಟೋ ಹೆಣಗಳ ಮಾತಿನಲ್ಲಿ, ಮುಗಿಲು ಹರಿದು ಬಿದ್ದರೂ ಮುಟ್ಟದೆ ಕಾದು ಕುಳಿತಿದ್ದ ಕೈ ಅದು. ಅವನು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಸಾಕು ಎನ್ನುವಾಗ ಅಲುಗಿಸುವ ಹಾಗೆ ಖಾಲಿ ಬಟ್ಟಲನ್ನು ಅಭ್ಯಾಸಬಲದಿಂದ ಅಲುಗಿಸಿ ಕೆಳಗಿಟ್ಟ.

ಬಟ್ಟಲು ಮೇಜಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು. ಆಗ ಅವನಿಗೂ ಕೇಳಿಸಿತು.

ಹಾಜಿ ಸಫ್ವಾನ್ ಹಾಳೆಯನ್ನು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡರು. ಖಾಲಿ ಬಟ್ಟಲನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

"ಕುಡೀರಿ ಅಂತ ನಾನಿನ್ನೂ ಹೇಳಿಲ್ಲ, ಅಬೂ ದಿರಾರ್."